ಶೆಲ್ಟರ್ ಕಟ್ಟಿದರೆ ಸಾಲದು, ನಾಯಿಗೆ ಮನೆಯನ್ನೂ ಹುಡುಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೀದಿ ನಾಯಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಪತ್ರಗಳನ್ನು ಬಿಡದೆ ಓದುತ್ತೇನೆ. ಕಚ್ಚುತ್ತವೆ ಅಂತ ಬರೆಯುವವರಿದ್ದಾರೆ, ಪಾಪದ ಪ್ರಾಣಿ ಅಂತ ಬರೆಯುವವರಿದ್ದಾರೆ. ಇಬ್ಬರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ. ಶೆಲ್ಟರ್ ಕಟ್ಟಿ, ಅಲ್ಲಿ ಇಡಿ. ಇಟ್ಟ ಮೇಲೆ ಮುಂದೇನು? ಅದನ್ನು ಬರೆಯೋಣ ಅಂತ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಆದರೂ ಪೂರ್ತಿ ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ.

ನಾನು ತುಮಕೂರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವನು. ನಿವೃತ್ತಿಯಾದ ಮೇಲೆ ಊರಾಚೆಯ ಒಂದು ಚಿಕ್ಕ ಖಾಸಗಿ ಶೆಲ್ಟರ್‌ಗೆ ಕೈಲಾದ ಕೆಲಸ ಮಾಡಿಕೊಡುತ್ತಿದ್ದೇನೆ. ಯಾರಾದರೂ ನಾಯಿಯನ್ನೋ ಬೆಕ್ಕನ್ನೋ ದತ್ತು ಕೇಳಿದರೆ ಅವರ ಮನೆಗೆ ಹೋಗಿ ನೋಡಿಕೊಂಡು ಬರುತ್ತೇನೆ. ಕೊಟ್ಟ ಮೇಲೆ ಮತ್ತೆ ಹೋಗಿ ವಿಚಾರಿಸುತ್ತೇನೆ. ಚಿಕ್ಕಪೇಟೆ, ಹೊರಪೇಟೆ, ಸೋಮೇಶ್ವರಪುರ, ಅಶೋಕನಗರ, ಬಟವಾಡಿ, ಕ್ಯಾತ್ಸಂದ್ರ, ಎಲ್ಲ ನಾನು ಸೈಕಲ್ ತುಳಿದ ಬೀದಿಗಳೇ. ಯಾವ ಗೇಟಿನ ಹಿಂದೆ ನಾಯಿ ಬಾಲ ಅಲ್ಲಾಡಿಸುತ್ತಾ ನಿಲ್ಲುತ್ತಿತ್ತು, ಯಾವ ಮನೆಯಲ್ಲಿ ಕಟ್ಟಿದ ಜಾಗದಲ್ಲೇ ಮುದಿಯಾಯಿತು, ಎಲ್ಲ ನೋಡಿದ್ದೇನೆ. ಕೆಲಸದಲ್ಲಿದ್ದಾಗ ಮೀನಖಂಡಕ್ಕೆ ಕಚ್ಚಿಸಿಕೊಂಡು ಇಂಜೆಕ್ಷನ್ ಹಾಕಿಸಿಕೊಂಡವನೂ ಹೌದು. ಹಾಗಾಗಿ ನಾಯಿ ಕಂಡರೆ ಹೆದರುವವರ ಕಷ್ಟ ನನಗೆ ಗೊತ್ತು. ಅವರ ವಿರುದ್ಧ ಈ ಪತ್ರ ಅಲ್ಲ.

ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಕೊಟ್ಟ ಆದೇಶ ಎಲ್ಲರಿಗೂ ಗೊತ್ತಿದೆ. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ಡಿಪೊ, ರೈಲು ನಿಲ್ದಾಣ, ಈ ಜಾಗಗಳಲ್ಲಿ ಇರುವ ಬೀದಿ ನಾಯಿಗಳನ್ನು ಹಿಡಿದು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ ಶೆಲ್ಟರ್‌ಗೆ ಸೇರಿಸಬೇಕು. ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು. ಬೇರೆ ಬೀದಿಗಳ ಮಾತು ಬೇರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆಪರೇಷನ್ ಆದ ನಾಯಿಯನ್ನು ಹಿಡಿದ ಬೀದಿಗೇ ತಂದು ಬಿಡಬೇಕು. ಕಿವಿಯ ತುದಿ ಸ್ವಲ್ಪ ಕತ್ತರಿಸಿರುವ ನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. 2025ರ ಆಗಸ್ಟ್ 22ರ ಆದೇಶದಲ್ಲೂ ಕೋರ್ಟ್ ಅದನ್ನೇ ಹೇಳಿತ್ತು. ರೇಬಿಸ್ ಇರುವ, ಇದೆ ಅಂತ ಅನುಮಾನ ಇರುವ ನಾಯಿಗಳನ್ನೂ ಮೈಮೇಲೆ ಬೀಳುವ ನಾಯಿಗಳನ್ನೂ ಮಾತ್ರ ಬಿಡಬಾರದು ಅಂದಿತ್ತು.

ಅದೇ ಆಗಸ್ಟ್ 22ರ ಆದೇಶದಲ್ಲಿ ಇನ್ನೊಂದು ಮಾತಿದೆ. ಅದನ್ನು ಟಿವಿಯವರು ಜಾಸ್ತಿ ಹೇಳಲಿಲ್ಲ. ಬೀದಿ ನಾಯಿಯನ್ನು ಸಾಕಲು ಇಷ್ಟಪಡುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು. ಆ ನಾಯಿಗೆ ಗುರುತಿನ ಟ್ಯಾಗ್ ಹಾಕಿ ದತ್ತು ಕೊಡಬೇಕು. ದತ್ತು ಪಡೆದ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದಕ್ಕೆ ಮೊದಲೇ ಇಂಥ ದತ್ತು ಹೇಗೆ ಕೊಡಬೇಕು ಅಂತ ಕ್ರಮ ಹೇಳಿದೆ. ಅಂದರೆ ದಾರಿ ಇದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಪಾಲಿಕೆಗೆ ಹೋಗಿ "ನನಗೊಂದು ನಾಯಿ ಬೇಕು, ಅರ್ಜಿ ಕೊಡಿ" ಅಂತ ಕೇಳಬಹುದು ಅನ್ನುವುದೇ ಜನಕ್ಕೆ ಹೊಳೆದಿಲ್ಲ.

ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಶೆಲ್ಟರ್‌ನಲ್ಲಿ ಹೊತ್ತಿಗೆ ಊಟ ಸಿಕ್ಕರೆ ಇನ್ನೂ ಜಾಸ್ತಿ. ಎರಡು ವರ್ಷದ ನಾಯಿಯನ್ನು ಇವತ್ತು ಒಳಗೆ ಹಾಕಿದರೆ ಅದಕ್ಕೆ ಇನ್ನು ಹತ್ತು ವರ್ಷ ದಿನಾ ಅನ್ನ ಬೇಕು, ನೀರು ಬೇಕು, ಕೆನ್ನೆಲ್ ತೊಳೆಯುವ ಆಳು ಬೇಕು, ಡಾಕ್ಟರು ಬೇಕು. ಬರುವ ವರ್ಷ ಹೊಸ ನಾಯಿಗಳು ಬರುತ್ತವೆ, ಹಳೆಯವು ಅಲ್ಲೇ ಇರುತ್ತವೆ. ಹೋಗುವ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಶೆಲ್ಟರ್ ಕಟ್ಟಿದರೂ ತುಂಬಿಹೋಗುತ್ತದೆ. ತುಂಬಿದ ಶೆಲ್ಟರ್‌ನಲ್ಲಿ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಮರಿಗೆ ಪಾರ್ವೊ ಅನ್ನುವ ಅಂಟುರೋಗ ಬಂದರೆ ಪಕ್ಕದ ಮರಿಗಳೆಲ್ಲ ರಕ್ತಭೇದಿಯಾಗಿ ಮಲಗುತ್ತವೆ. ಊಟದ ಹೊತ್ತಿಗೆ ಕಚ್ಚಾಟ. ಸಾಧುವಾದ ನಾಯಿ ಮೂಲೆ ಸೇರುತ್ತದೆ, ಊಟ ಬಿಡುತ್ತದೆ. ಅಲ್ಲಿ ಕೆಲಸ ಮಾಡುವವರು ಎಷ್ಟೇ ಒಳ್ಳೆಯವರಾದರೂ ಇಬ್ಬರು ಮೂವರು ಸೇರಿ ಅಷ್ಟೂ ನಾಯಿಗಳ ತಲೆ ಸವರುತ್ತಾ ಕೂರುವುದು ಆಗದ ಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಸ್ ನಿಲ್ದಾಣದ ನಾಯಿ, ಆಸ್ಪತ್ರೆ ಆವರಣದ ನಾಯಿ ಅಂದ ಕೂಡಲೇ ಜನ ಕಾಡುನಾಯಿಯ ವಿಷಯ ಹೇಳುವ ಹಾಗೆ ಮಾತಾಡುತ್ತಾರೆ. ನಾನು ಕಂಡಿದ್ದು ಬೇರೆ. ಮನೆಗೆ ಚೆನ್ನಾಗಿ ಹೊಂದಿಕೊಳ್ಳುವ ನಾಯಿಗಳು ಇಂಥ ಜಾಗಗಳಲ್ಲೇ ಜಾಸ್ತಿ ಸಿಗುತ್ತವೆ. ಯಾಕೆ ಅಂದರೆ ಅವು ಹುಟ್ಟಿದಾಗಿನಿಂದ ಜನರ ಕಾಲ ಸಂದಿಯಲ್ಲೇ ಬೆಳೆದಿರುತ್ತವೆ. ಮರಿಗೆ ಮೂರು ವಾರ ತುಂಬಿದಾಗಿನಿಂದ ಮೂರು ತಿಂಗಳು ದಾಟುವವರೆಗೆ ಯಾರ ಜೊತೆ ಒಡನಾಟ ಇರುತ್ತದೋ ಅವರನ್ನು ಅದು ಜೀವನಪೂರ್ತಿ ನಂಬುತ್ತದೆ. ನಾಯಿಗಳ ವಿಷಯ ಓದಿದವರೆಲ್ಲ ಹೇಳುವ ಮಾತು ಇದು. ಬಸ್ ನಿಲ್ದಾಣದಲ್ಲಿ ಬೆಳೆದ ನಾಯಿಗೆ ಗಂಡಸರು, ಹೆಂಗಸರು, ಕೈಗೂಸು, ಊರುಗೋಲಿನ ಅಜ್ಜ, ಬ್ಯಾಗು, ಹಾರ್ನು, ಎಲ್ಲ ಗೊತ್ತು. ಟೀ ಅಂಗಡಿಯವನು ಬನ್ ಹಾಕಿರುತ್ತಾನೆ. ರಾತ್ರಿ ಪಾಳಿಯ ಕಂಡಕ್ಟರ್ ತನ್ನ ಡಬ್ಬಿಯಲ್ಲಿ ಉಳಿದಿದ್ದನ್ನು ಹಾಕಿರುತ್ತಾನೆ. ಆಸ್ಪತ್ರೆಯಲ್ಲಿ ಆಯಾ ಅಮ್ಮ ಹಾಕಿರುತ್ತಾಳೆ. ಅದಕ್ಕೊಂದು ಹೆಸರೂ ಇಟ್ಟಿರುತ್ತಾರೆ.

ಹಿಡಿಯುವ ಗಾಡಿ ಬಂದು ಎತ್ತಿಕೊಂಡು ಹೋದರೆ ಈ ವಿವರ ಎಲ್ಲ ಅಲ್ಲೇ ಉಳಿಯುತ್ತದೆ. ಶೆಲ್ಟರ್‌ಗೆ ಬಂದಾಗ ಅದು ಸುಮ್ನೆ ಒಂದು ಕಂದು ನಾಯಿ. ಹೆದರಿರುತ್ತದೆ, ಹಲ್ಲು ತೋರಿಸುತ್ತದೆ. ನೋಡಿದವರು ಇದು ಕಚ್ಚುವ ನಾಯಿ ಅಂತ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಅದಕ್ಕೆ ಮನೆ ಸಿಗುವ ಆಸೆ ಮುಗಿಯಿತು. ನಮ್ಮ ಇಲಾಖೆಯಲ್ಲಿ ವಿಳಾಸ ಇಲ್ಲದ ಕಾಗದದ ಪಾಡು ಹೀಗೇ ಇರುತ್ತಿತ್ತು. ಒಳಗೆ ಎಷ್ಟೇ ಮುಖ್ಯ ವಿಷಯ ಇರಲಿ, ತಲುಪಿಸಲು ದಾರಿ ಇಲ್ಲದೆ ಆಫೀಸಿನಲ್ಲೇ ಬಿದ್ದಿರುತ್ತಿತ್ತು.

ಹಾಗಾಗಿ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿ, ಎಲ್ಲರಿಗೂ ನನ್ನ ಮೊದಲ ಮನವಿ ಇದು. ನಾಯಿಯನ್ನು ಹಿಡಿಯುವ ಮೊದಲು ಅಲ್ಲಿನ ಟೀ ಅಂಗಡಿಯವರನ್ನು, ಆಟೊದವರನ್ನು, ಶಾಲೆಯ ಬಿಸಿಯೂಟದ ಅಮ್ಮಂದಿರನ್ನು ಕೇಳಿ. ಇದರ ಹೆಸರೇನು, ಎಷ್ಟು ವರ್ಷದ್ದು, ಮಕ್ಕಳ ಹತ್ತಿರ ಹೇಗಿರುತ್ತದೆ, ಯಾರನ್ನಾದರೂ ಕಚ್ಚಿದೆಯಾ, ಏನು ತಿನ್ನುತ್ತದೆ. ಒಂದು ಚೀಟಿಯಲ್ಲಿ ಬರೆದು, ಫೋಟೊ ತೆಗೆದು, ನಾಯಿಯ ಜೊತೆಗೇ ಕಳಿಸಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಅಲ್ಲೇ ಕೇಳಿ: "ನೀವೇ ಮನೆಗೆ ಕರೆದುಕೊಂಡು ಹೋಗ್ತೀರಾ?" ಎಷ್ಟೋ ವರ್ಷದಿಂದ ಅನ್ನ ಹಾಕಿದವರಲ್ಲಿ ಒಬ್ಬಿಬ್ಬರು ಹೂಂ ಅಂದೇ ಅನ್ನುತ್ತಾರೆ. ಅವರಿಗೆ ಆಪರೇಷನ್, ಲಸಿಕೆ ಉಚಿತವಾಗಿ ಮಾಡಿಸಿಕೊಟ್ಟು ಕೈಗೆ ಕೊಡಿ. ಶೆಲ್ಟರ್ ಮೆಟ್ಟಿಲು ಹತ್ತುವ ಮೊದಲೇ ಒಂದು ನಾಯಿಗೆ ಮನೆ ಸಿಕ್ಕಿದಂತಾಯಿತು, ಅಲ್ವಾ?

ಎಲ್ಲ ನಾಯಿಗೂ ಮನೆ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಮನುಷ್ಯರ ಕೈ ತಾಗದೆ ದೊಡ್ಡದಾದ ನಾಯಿಯನ್ನು ನಾಲ್ಕು ಗೋಡೆಯೊಳಗೆ ತಂದರೆ ಅದಕ್ಕೂ ಹಿಂಸೆ, ಮನೆಯವರಿಗೂ ಕಷ್ಟ. ನಿಜವಾಗಿ ಕಚ್ಚುವ ನಾಯಿಯನ್ನು ಮಕ್ಕಳಿರುವ ಮನೆಗೆ ಕೊಡುವುದು ತಪ್ಪು. ಯಾವುದು ಯಾವ ಥರ ಅಂತ ಬೇರೆ ಮಾಡುವುದೇ ದತ್ತು ಕೊಡುವವರ ಮೊದಲ ಕೆಲಸ.

ದತ್ತು ಶಿಬಿರ ಅಂತ ಮಾಡುತ್ತಾರೆ. ಒಳ್ಳೆಯದೇ. ಪೆಂಡಾಲ್ ಹಾಕಿ, ಬುಟ್ಟಿಯಲ್ಲಿ ಮರಿಗಳನ್ನಿಟ್ಟು ಫೋಟೊ ತೆಗೆಯುತ್ತಾರೆ. ಸಂಜೆ ಹೊತ್ತಿಗೆ ಗಂಡು ಮರಿಗಳೆಲ್ಲ ಖಾಲಿ. ಹೆಣ್ಣು ಮರಿಗಳು ಬುಟ್ಟಿಯಲ್ಲೇ ಇರುತ್ತವೆ. ದೊಡ್ಡ ನಾಯಿಗಳನ್ನಂತೂ ಶಿಬಿರಕ್ಕೆ ಕರೆತಂದಿರುವುದೇ ಇಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ.

ಹೆಣ್ಣು ಮರಿ ಬೇಡ ಅನ್ನುವವರು ಕೊಡುವ ಕಾರಣ ಒಂದೇ. ಬೆದೆಗೆ ಬಂದಾಗ ಗೇಟಿನ ಮುಂದೆ ಗಂಡು ನಾಯಿಗಳು ಸೇರುತ್ತವೆ, ಆಮೇಲೆ ಮರಿ ಹಾಕುತ್ತದೆ, ಆ ಮರಿಗಳನ್ನು ಏನು ಮಾಡೋದು. ನಿಜ, ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು. ಗಬ್ಬ ನಿಂತು ಸುಮಾರು 63 ದಿನಕ್ಕೆ ಮರಿ. ಒಂದು ಸಲಕ್ಕೆ ಐದೋ ಆರೋ. ಆದರೆ ಆರು ತಿಂಗಳ ಆಸುಪಾಸಿನಲ್ಲಿ ಡಾಕ್ಟರಿಗೆ ತೋರಿಸಿ ಆಪರೇಷನ್ ಮಾಡಿಸಿದರೆ ಈ ಯಾವ ತೊಂದರೆಯೂ ಇಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ತಪ್ಪುತ್ತದೆ. ಮೊಲೆಯಲ್ಲಿ ಗಡ್ಡೆ ಬರುವುದೂ ಬಹಳ ಕಡಿಮೆಯಾಗುತ್ತದೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಹೆಣ್ಣು ನಾಯಿ ತಗೊಂಡವರು ಯಾರೂ ಬೇಸರಪಟ್ಟಿದ್ದು ನೋಡಿಲ್ಲ. ಗಂಡು ನಾಯಿ ತಗೊಂಡು, ಆಪರೇಷನ್ ಮಾಡಿಸದೆ, ಅದು ಕಾಂಪೌಂಡ್ ಹಾರಿ ಎರಡು ದಿನ ಕಾಣೆಯಾಯಿತು ಅಂತ ಅತ್ತವರನ್ನು ನೋಡಿದ್ದೇನೆ. ಗಂಡಾಗಲಿ ಹೆಣ್ಣಾಗಲಿ ಆಪರೇಷನ್ ಮಾಡಿಸುತ್ತೇನೆ ಅಂತ ಬರೆದುಕೊಡದವರಿಗೆ ಮರಿ ಕೊಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ನಾವು ಒಂದು ಮರಿಗೆ ಮನೆ ಹುಡುಕಿ, ಬರುವ ಚಳಿಗಾಲಕ್ಕೆ ಆರು ಮರಿ ಬೀದಿಗೆ ತಂದಂತೆ ಆಗುತ್ತದೆ.

ದೊಡ್ಡ ನಾಯಿಯ ವಿಷಯ ಹೇಳಬೇಕು. ಮರಿಯಾದರೆ ನಮಗೆ ಬೇಕಾದ ಹಾಗೆ ಬೆಳೆಸಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮರಿ ಸಾಕುವುದು ಎಂಥ ಕೆಲಸ ಅಂತ ಸಾಕಿದವರಿಗೇ ಗೊತ್ತು. ರಾತ್ರಿ ಎದ್ದು ಎದ್ದು ಹೊರಗೆ ಬಿಡಬೇಕು. ಚಪ್ಪಲಿ, ವೈರು, ಸೋಫಾ ಎಲ್ಲ ಕಡಿಯುತ್ತದೆ. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಜಂತಿನ ಔಷಧಿ. ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಒಂದು ತಪ್ಪಿದರೂ ಪಾರ್ವೊ, ಡಿಸ್ಟೆಂಪರ್ ಥರದ ರೋಗಗಳ ಭಯ. ಇಷ್ಟೆಲ್ಲ ಮಾಡಿ ಬೆಳೆಸಿದ ಮೇಲೆ ಅದು ಎಷ್ಟು ದೊಡ್ಡದಾಗುತ್ತದೆ, ಎಂಥ ಸ್ವಭಾವದ್ದು ಅಂತ ಗೊತ್ತಾಗುತ್ತದೆ. ಮೂರು ನಾಲ್ಕು ವರ್ಷದ ನಾಯಿಯಾದರೆ ಅದೆಲ್ಲ ಇವತ್ತೇ ಕಣ್ಣೆದುರಿಗೆ ಇದೆ. ಇದು ಬೊಗಳುತ್ತದೋ, ಸುಮ್ಮನೆ ಇರುತ್ತದೋ, ಮಕ್ಕಳನ್ನು ಕಂಡರೆ ಆಗುತ್ತದೋ ಇಲ್ಲವೋ, ಕೇಳಿದರೆ ಶೆಲ್ಟರ್‌ನವರೇ ಹೇಳುತ್ತಾರೆ.

ಸೋಮೇಶ್ವರಪುರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರಮ್ಮ ಇದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ. ಮಗ ಅಮೆರಿಕದಿಂದ ಫೋನ್ ಮಾಡಿ ಅಮ್ಮನಿಗೆ ಒಂದು ಲ್ಯಾಬ್ರಡಾರ್ ಮರಿ ಕೊಡಿಸುತ್ತೇನೆ ಅಂತ ಹೊರಟಿದ್ದ. ನಾನು ಮನೆ ನೋಡಲು ಹೋದಾಗ ಅವರನ್ನೇ ಕೇಳಿದೆ, "ಅಮ್ಮಾ, ನಿಮಗೆ ಏನು ಬೇಕು?" ಅವರು ಅಂದರು, "ನನ್ನ ಮೇಲೆ ಹಾರದೇ ಇರೋದು ಬೇಕಪ್ಪ. ಸಂಜೆ ಗೇಟಿನ ತನಕ ಜೊತೆಗೆ ಬಂದರೆ ಸಾಕು." ಶೆಲ್ಟರ್‌ನಲ್ಲಿ ಕೆಂಪಿ ಅಂತ ಒಂದು ಹೆಣ್ಣು ನಾಯಿ ಇತ್ತು. ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಹಿಂಗಾಲು ಒಂದನ್ನು ತೆಗೆದಿದ್ದರು. ವಯಸ್ಸು ಏಳೆಂಟು ಇರಬಹುದು, ಮೂತಿಯೆಲ್ಲ ಬಿಳಿ. ಬಂದವರೆಲ್ಲ ಅಯ್ಯೋ ಪಾಪ ಅಂತ ತಲೆ ಸವರಿ ಮುಂದೆ ಹೋಗುತ್ತಿದ್ದರು. ಮೂರು ಕಾಲಿನಲ್ಲೇ ಚೆನ್ನಾಗಿ ನಡೆಯುತ್ತದೆ, ಹಾರುವುದಿಲ್ಲ, ಎಳೆಯುವುದಿಲ್ಲ. ಮೇಷ್ಟ್ರಮ್ಮನ ಮನೆಗೆ ಬೇರೆ ಯಾವ ನಾಯಿಯೂ ಇಷ್ಟು ಹೊಂದುತ್ತಿರಲಿಲ್ಲ. ಈಗ ಆ ಮನೆಗೆ ಹೋದರೆ ಕೆಂಪಿ ಎದ್ದು ಬರುವುದೂ ಇಲ್ಲ, ಅಮ್ಮನ ಕುರ್ಚಿಯ ಪಕ್ಕದಿಂದಲೇ ನನ್ನನ್ನು ನೋಡಿ ಬಾಲ ಬಡಿಯುತ್ತದೆ. ವಯಸ್ಸಾದವರ ಮನೆಗೆ ವಯಸ್ಸಾದ ನಾಯಿ. ಇಂಥ ಜೋಡಿ ಕೂಡಿಸಲು ಎರಡೂ ಕಡೆ ಕೂತು ಮಾತಾಡಬೇಕು. ಒಂದು ದಿನದ ಶಿಬಿರದಲ್ಲಿ ಆಗುವ ಕೆಲಸ ಅಲ್ಲ.

ಮನೆ ನೋಡುವುದು ಅಂದರೆ ಟೈಲ್ಸ್ ನೋಡುವುದಲ್ಲ. ಒಂದು ರೂಮಿನ ಮನೆಯಲ್ಲಿ ರಾಜನ ಹಾಗೆ ಇರುವ ನಾಯಿಗಳನ್ನು ಕಂಡಿದ್ದೇನೆ. ನಾನು ಮೊದಲು ಕೇಳುವುದು, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ ಅಂತ. ಹುಡುಗ ಹಟ ಮಾಡುತ್ತಾನೆ, ಅಪ್ಪ ಹೂಂ ಅನ್ನುತ್ತಾರೆ, ಕೊನೆಗೆ ದಿನಾ ಅನ್ನ ಕಲಸಿ ಹಾಕುವುದು, ಕೂದಲು ಗುಡಿಸುವುದು ಅಮ್ಮ. ಆ ಅಮ್ಮ ಅಡುಗೆಮನೆಯಲ್ಲಿ ಮಾತಾಡದೆ ನಿಂತಿದ್ದರೆ ಆ ದತ್ತು ನಿಲ್ಲುವುದಿಲ್ಲ. ಅವರನ್ನು ಕರೆದು ಕೂರಿಸಿ ಕೇಳದೆ ನಾನು ಮೇಲೇಳುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರವೇ ಮಾತಾಡುತ್ತೇನೆ. "ಅವರು ಏನೂ ಅನ್ನಲ್ಲ ಬಿಡಿ ಸರ್" ಅನ್ನುವ ಮಾತಿಗೆ ನಾಯಿ ಕೊಡುವುದಿಲ್ಲ. ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮಗಳ ಮದುವೆಯಾದ ಮೇಲೆ? ವರ್ಗ ಆದರೆ? ಇವೆಲ್ಲ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಇಷ್ಟೊಂದು ಕೇಳೋಕೆ ಹೆಣ್ಣು ನೋಡೋಕೆ ಬಂದಿದ್ದೀರಾ ಅನ್ನುತ್ತಾರೆ. ಸಿಟ್ಟು ಬಂದರೂ ಕೇಳಲೇಬೇಕು. ಹತ್ತು ವರ್ಷದ ವಿಷಯ ಇದು.

ತೋಟಕ್ಕೆ ನಾಯಿ ಬೇಕು ಅಂತ ಬರುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಗುಬ್ಬಿ, ತಿಪಟೂರು, ಕುಣಿಗಲ್, ತುರುವೇಕೆರೆ ಕಡೆ ತೆಂಗು ಅಡಕೆ ತೋಟ ಇಟ್ಟವರು. ತೋಟದ ಮನೆಯಲ್ಲಿ ಜನ ವಾಸ ಇದ್ದು, ನಾಯಿ ಮನೆಯವರ ಜೊತೆ ಓಡಾಡಿಕೊಂಡು ಇರುವುದಾದರೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಅಂಥ ಮನೆಗಳಿಗೆ ಖುಷಿಯಿಂದ ಕೊಡುತ್ತೇವೆ. ಆದರೆ ಕೆಲವರು ಊರಲ್ಲಿ ಮಲಗುತ್ತಾರೆ, ತೋಟದ ಪಂಪ್‌ಸೆಟ್ ಮನೆ ಹತ್ತಿರ ನಾಯಿಯನ್ನು ಚೈನು ಹಾಕಿ ಕಟ್ಟಿ ಬರುತ್ತಾರೆ. ದಿನಕ್ಕೊಮ್ಮೆ ಮುದ್ದೆ ಇಟ್ಟು ಬಂದರೆ ಆಯಿತು ಅನ್ನುತ್ತಾರೆ. ನಮ್ಮ ಕಡೆ ಚಿರತೆ ಓಡಾಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ದೇವರಾಯನದುರ್ಗದ ಸುತ್ತಮುತ್ತ, ಹೆಬ್ಬೂರು ಕಡೆ, ಗುಬ್ಬಿ ಕಡೆ ಯಾವ ಊರಲ್ಲಿ ಬೇಕಾದರೂ ಕೇಳಿ. ಚಿರತೆ ಮೊದಲು ಹೊತ್ತುಕೊಂಡು ಹೋಗುವುದೇ ನಾಯಿಯನ್ನು. ಬಿಟ್ಟ ನಾಯಿಯಾದರೆ ಓಡಿಯಾದರೂ ಹೋಗುತ್ತದೆ. ಕಟ್ಟಿದ ನಾಯಿ ಎಲ್ಲಿಗೆ ಹೋಗಬೇಕು? ಬೆಳಿಗ್ಗೆ ಹೋಗಿ ನೋಡಿದರೆ ಬರೀ ಬೆಲ್ಟು ಇತ್ತು ಅಂತ ಒಬ್ಬರು ಬಂದು ಹೇಳಿ, ಇನ್ನೊಂದು ಕೊಡಿ ಅಂದರು. ನನಗೆ ಆ ದಿನ ಮಾತೇ ಹೊರಡಲಿಲ್ಲ. ಅವರಿಗೆ ಕೊಡಲಿಲ್ಲ. ರಾತ್ರಿ ಮನೆಯೊಳಗೋ, ಬಾಗಿಲಿರುವ ಗಟ್ಟಿ ಗೂಡಿನೊಳಗೋ ನಾಯಿಯನ್ನು ಸೇರಿಸಿಕೊಳ್ಳುವವರಿಗೆ ಮಾತ್ರ ತೋಟಕ್ಕೆ ನಾಯಿ ಕೊಡಬೇಕು.

ಇನ್ನು ದೀಪಾವಳಿ. ಹಬ್ಬದ ಹಿಂದಿನ ಎರಡು ವಾರ ಯಾರಿಗೂ ಹೊಸ ನಾಯಿ ಕೊಡಬೇಡಿ. ಹೊಸ ಮನೆಯ ದಾರಿ ಅದಕ್ಕೆ ಇನ್ನೂ ಗೊತ್ತಿರುವುದಿಲ್ಲ. ಪಟಾಕಿ ಶಬ್ದಕ್ಕೆ ಗೇಟು ಹಾರಿ ಓಡುತ್ತದೆ, ತಿರುಗಿ ಬರಲು ಆಗುವುದಿಲ್ಲ. ಬೆಕ್ಕಾದರೆ ಹಬ್ಬ ಇರಲಿ ಬಿಡಲಿ, ಮೊದಲ ಎರಡು ಮೂರು ವಾರ ಕಿಟಕಿ ಬಾಗಿಲು ಹಾಕಿ ಒಳಗೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಳೇ ಜಾಗ ಹುಡುಕಿಕೊಂಡು ಹೋಗಿಬಿಡುತ್ತದೆ.

ವಾಪಸು ತರುವವರ ಬಗ್ಗೆ ಎರಡು ಮಾತು. ಮರಳೂರು ಕಡೆಯ ಒಂದು ಕುಟುಂಬ ನಾಯಿ ಒಯ್ದು ಒಂದು ವಾರಕ್ಕೆ ಫೋನ್ ಮಾಡಿದರು. "ಮಂಚದ ಕೆಳಗೇ ಕೂತಿರುತ್ತೆ ಸರ್, ಊಟ ಮಾಡಲ್ಲ, ನಮ್ಮನ್ನು ಕಂಡರೆ ಇಷ್ಟ ಇಲ್ಲ ಅನ್ಸುತ್ತೆ." ನಾನು ಹೋದೆ. ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಇದೆ. ಹೊಸ ಮನೆಯಲ್ಲಿ ಮೊದಲ ಮೂರು ದಿನ ಗಾಬರಿ ಇಳಿಯಲು ಬೇಕು. ಮೂರು ವಾರ ಮನೆಯ ಹೊತ್ತು ಗೊತ್ತು ಕಲಿಯಲು ಬೇಕು. ಇದು ನನ್ನದೇ ಮನೆ ಅನ್ನಿಸಲು ಮೂರು ತಿಂಗಳು ಬೇಕು. ಅದನ್ನು ಹೇಳಿ, ಯಾರೂ ಮಂಚದ ಕೆಳಗೆ ಬಗ್ಗಿ ನೋಡಬೇಡಿ, ಊಟ ಇಟ್ಟು ಆಚೆ ಹೋಗಿ, ಮನೆಗೆ ನೆಂಟರನ್ನು ಕರೆದು ತೋರಿಸಬೇಡಿ ಅಂತ ಹೇಳಿ ಬಂದೆ. ಈಗ ಆ ನಾಯಿ ಮಂಚದ ಮೇಲೆ ಮಲಗುತ್ತದೆ. ಆದರೆ ಕೆಲವು ಸಲ ನಿಜವಾಗಿಯೂ ಹೊಂದುವುದಿಲ್ಲ. ಮಗುವಿಗೆ ಉಸಿರಿನ ತೊಂದರೆ ಬರುತ್ತದೆ, ಯಜಮಾನರ ಕೆಲಸ ಹೋಗುತ್ತದೆ, ಮನೆ ಖಾಲಿ ಮಾಡಬೇಕಾಗುತ್ತದೆ. ಆಗ ಅವರನ್ನು ಬೈದು ನಾಚಿಸಿದರೆ ಅವರು ಇನ್ನೊಮ್ಮೆ ನಮ್ಮ ಹತ್ತಿರ ಬರುವುದಿಲ್ಲ. ರಾತ್ರಿ ಹೊತ್ತು ಕಾರಿನಲ್ಲಿ ತಂದು ರಿಂಗ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ. "ಆಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ವಾಪಸು ಕೊಡಿ, ನಾವು ಏನೂ ಅನ್ನುವುದಿಲ್ಲ" ಅಂತ ಕೊಡುವ ದಿನವೇ ಹೇಳಬೇಕು. ದತ್ತು ಪತ್ರದಲ್ಲಿ ಅದೇ ಮೊದಲ ಸಾಲು ಇರಬೇಕು.

ದುಡ್ಡು ಕೊಟ್ಟು ತಂದ ಜಾತಿ ನಾಯಿಗಳನ್ನು ಹೀಗೆ ಇಳಿಸಿ ಹೋಗುವವರನ್ನು ಮಾತ್ರ ನನಗೆ ಕ್ಷಮಿಸಲು ಆಗುವುದಿಲ್ಲ. ಹಸ್ಕಿ ಚಳಿ ದೇಶದ ನಾಯಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಏದುಸಿರು ಬಿಡುತ್ತಾ ರಸ್ತೆ ಬದಿ ನಿಂತಿರುತ್ತದೆ. ಮರಿ ಹಾಕಿಸಿ ಹಾಕಿಸಿ ಸೋತ ಲ್ಯಾಬ್ರಡಾರ್ ತಾಯಿ ನಾಯಿಗಳನ್ನೂ ಬಿಟ್ಟು ಹೋಗುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಿಯಮ ಇದೆ. ಆದರೂ ಕಣ್ಣು ಬಿಟ್ಟು ನಾಲ್ಕು ದಿನ ಆಗಿರದ ಮರಿಗಳನ್ನು ಮಾರುವವರಿದ್ದಾರೆ. ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷ ದಾಟಿದರೂ ಅದು ಅಷ್ಟೇ ಇದೆ. ನಮ್ಮ ಸಂಸದರು ಇದನ್ನು ಒಮ್ಮೆ ಸಂಸತ್ತಿನಲ್ಲಿ ಕೇಳಬೇಕು.

ನಾಯಿಗೆ ಹೆದರುವವರಿಗೂ ಈ ಕೆಲಸದಿಂದ ಲಾಭವೇ. ಮನೆ ಸೇರಿದ ನಾಯಿಗೆ ವರ್ಷ ವರ್ಷ ರೇಬಿಸ್ ಲಸಿಕೆ ಬೀಳುತ್ತದೆ, ಅದು ರಸ್ತೆಯಲ್ಲಿ ಮರಿ ಹಾಕುವುದಿಲ್ಲ, ಬೈಕಿನ ಹಿಂದೆ ಓಡುವುದಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಸಾಕಿದವರು ಅದನ್ನು ತಪ್ಪಿಸಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಔಷಧಿ ಇಲ್ಲ. ಯಾರಿಗೇ ಆಗಲಿ, ಯಾವ ನಾಯಿಯೇ ಆಗಲಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡಿ.

ಸ್ಥಳೀಯ ಸಂಸ್ಥೆಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ದತ್ತು ಅರ್ಜಿಯ ನಮೂನೆ ಕನ್ನಡದಲ್ಲಿ ಇರಲಿ, ವಾರ್ಡ್ ಕಚೇರಿಯಲ್ಲೂ ಪಶು ಆಸ್ಪತ್ರೆಯಲ್ಲೂ ಸಿಗಲಿ. ಶೆಲ್ಟರ್‌ನಲ್ಲಿರುವ ನಾಯಿಗಳ ಫೋಟೊ ನೋಟಿಸ್ ಬೋರ್ಡಿಗೆ ಹಾಕಲಿ. ಶೆಲ್ಟರ್ ನಡೆಸಲು ಟೆಂಡರ್ ಕರೆಯುವಾಗ ಎಷ್ಟು ನಾಯಿ ಇಟ್ಟುಕೊಂಡಿರಿ ಅಂತ ಮಾತ್ರ ಲೆಕ್ಕ ಕೇಳಬೇಡಿ. ಎಷ್ಟು ನಾಯಿಗೆ ಮನೆ ಹುಡುಕಿದಿರಿ, ಆರು ತಿಂಗಳ ಮೇಲೆ ಅವುಗಳಲ್ಲಿ ಎಷ್ಟು ಅದೇ ಮನೆಯಲ್ಲಿವೆ ಅಂತಲೂ ಕೇಳಿ. ತಲೆ ಲೆಕ್ಕಕ್ಕೆ ಮಾತ್ರ ದುಡ್ಡು ಕೊಟ್ಟರೆ ಯಾರೂ ನಾಯಿಯನ್ನು ಆಚೆ ಕಳಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಮನೆ ನೋಡಿ ಬರಲು ಜನ ಇಲ್ಲ ಅನ್ನಬೇಡಿ. ನನ್ನ ಹಾಗೆ ನಿವೃತ್ತರಾದ ಲೈನ್‌ಮ್ಯಾನ್‌ಗಳು, ಮೀಟರ್ ರೀಡರ್‌ಗಳು, ಆರೋಗ್ಯ ಸಹಾಯಕಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಊರಿನ ಮನೆ ಮನೆ ಗೊತ್ತಿರುವವರು. ಕೇಳಿದರೆ ಬರುತ್ತಾರೆ.

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ, ಸಂಪಾದಕರೇ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಬೆಂಕಿಪೊಟ್ಟಣದಷ್ಟು ಜಾಗ ಕೊಡಿ. ತುಮಕೂರು ಆವೃತ್ತಿಯಲ್ಲಿ ಶುರು ಮಾಡಿ, ಆಮೇಲೆ ಕೋಲಾರ, ಚಿಕ್ಕಬಳ್ಳಾಪುರಕ್ಕೂ ಹಾಕಬಹುದು. ಒಂದು ಫೋಟೊ, ನಾಲ್ಕು ಸಾಲು. ಮರಿಗಳದ್ದು ಬೇಡ, ಅವು ಹೇಗೋ ಹೋಗುತ್ತವೆ. ವರ್ಷ ದಾಟಿದ ನಾಯಿಗಳದ್ದು ಮಾತ್ರ ಹಾಕಿ. ಮೊದಲನೆಯದನ್ನು ನಾನೇ ಬರೆದುಕೊಡುತ್ತೇನೆ.

ಹೆಸರು ಭೈರ. ಗಂಡು, ಪೂರ್ತಿ ಕಪ್ಪು, ಎದೆಯ ಮೇಲೆ ಸ್ವಲ್ಪ ಬಿಳಿ. ವಯಸ್ಸು ಸುಮಾರು ನಾಲ್ಕು. ಅಂತರಸನಹಳ್ಳಿ ಮಾರುಕಟ್ಟೆ ಹತ್ತಿರ ಕಾಲು ಮುರಿದು ಬಿದ್ದಿದ್ದ, ಈಗ ಗುಣವಾಗಿದೆ, ಓಡುವಾಗ ಸ್ವಲ್ಪ ಕುಂಟುತ್ತಾನೆ. ಆಪರೇಷನ್ ಆಗಿದೆ, ಲಸಿಕೆ ಎಲ್ಲ ಆಗಿದೆ. ಮಕ್ಕಳ ಜೊತೆ ಹೊಂದುತ್ತಾನೆ, ಬೆಕ್ಕಿರುವ ಮನೆಗೆ ಆಗುವುದಿಲ್ಲ. ಮುದ್ದೆ, ಮೊಸರನ್ನ, ಮೊಟ್ಟೆ ತಿನ್ನುತ್ತಾನೆ. ಗುಡುಗು, ಪಟಾಕಿಗೆ ಹೆದರುತ್ತಾನೆ, ಆಗ ಒಳಗೆ ಸೇರಿಸಿಕೊಳ್ಳಬೇಕು. ಬಾಡಿಗೆ ಮನೆಯಾದರೂ ಸರಿ, ಮಾಲೀಕರು ಒಪ್ಪಿರಬೇಕು. ನೋಡಲು ಬರುವವರು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಒಟ್ಟಿಗೆ ಬರಬೇಕು.

ಇತಿ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ತುಮಕೂರು